ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಸಣ್ಣ ಮಕ್ಕಳಿಗೆ ಒಂದು ಸಲಕ್ಕೆ ಒಂದೇ ಮಾತು
ಅಡುಗೆಮನೆಯಿಂದಲೇ "ಯೂನಿಫಾರ್ಮ್ ಹಾಕು, ಬ್ಯಾಗ್ ತಗೋ, ವ್ಯಾನ್ ಬಂತು" ಅಂತ ಕೂಗುವ ಬದಲು ಮಗುವಿನ ಹತ್ತಿರ ಹೋಗಿ, ಕಣ್ಣು ನೋಡಿ, ಒಂದೇ ಕೆಲಸ ಹೇಳಿ: "ಚಡ್ಡಿ ಹಾಕು." ಹಾಕಿದ ಕೂಡಲೇ "ಹೇಳಿದ ತಕ್ಷಣ ಹಾಕಿದೆ ಅಲ್ವಾ, ಭಾರೀ ಲಾಯ್ಕ ಆಯ್ತು" ಅನ್ನಿ. ಬರೀ "ಗುಡ್ ಬಾಯ್" ಸಾಲದು ಮಾರಾಯ್ರೆ, ಹೊಗಳಿದ್ದು ಯಾವುದಕ್ಕೆ ಅಂತ ಮಗುವಿಗೆ ಗೊತ್ತಾಗಬೇಕು. ಈ ಮಕ್ಕಳಿಗೆ ಮೂರು ಸೂಚನೆ ಒಟ್ಟಿಗೆ ನೆನಪಿಟ್ಟುಕೊಳ್ಳುವುದು ಕಷ್ಟ. ಸಂಜೆಯ ಬಹುಮಾನಕ್ಕಿಂತ ಆ ಕ್ಷಣದ ಮೆಚ್ಚುಗೆ ಹೆಚ್ಚು ನಾಟುತ್ತದೆ. 4–5 ವರ್ಷದವರಿಗೆ ಮಾತ್ರೆಗಿಂತ ಮೊದಲು ಹೆತ್ತವರಿಗೆ ಇಂಥ ತರಬೇತಿ ಕೊಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿಯೂ ಹೇಳುತ್ತದೆ. ಹಸಿವೆ, ನಿದ್ದೆ, ಎದುರಿಗೆ ಟಿವಿ ಇದ್ದರೆ ನಡೆಯುವುದಿಲ್ಲ. ಅಜ್ಜಿ ಒಂದು, ಅಪ್ಪ ಇನ್ನೊಂದು ಹೇಳಿದರೂ ಕೆಟ್ಟಿತು. ಉಡುಪಿಯ ರಥಬೀದಿಯ ಉತ್ಸವದ ಗದ್ದಲದಲ್ಲಂತೂ ಮಾತು ಬಿಡಿ, ಕೈ ಹಿಡಿದುಕೊಳ್ಳಿ.