ದಾವಣಗೆರೆಯಲ್ಲೇ ಕೂತು ಮೇಲ್ ಸರ್ವರ್ ನಡೆಸುತ್ತಿದ್ದೇನೆ: ನನ್ನ ಅನುಭವ

ಎಪಿಎಂಸಿಯ ಕೆಲವು ಮೆಕ್ಕೆಜೋಳದ ಮಂಡಿಗಳು, ಒಂದು ಅಕ್ಕಿ ಗಿರಣಿ, ಪಿ.ಜೆ. ಬಡಾವಣೆಯ ಒಂದು ಆಡಿಟರ್ ಕಚೇರಿ. ಎಲ್ಲ ಸೇರಿ ಅರವತ್ತರ ಆಸುಪಾಸು ಮೇಲ್‌ಬಾಕ್ಸ್. ಎಲ್ಲವೂ ನನ್ನ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ತಗೊಳ್ಳುವ ಸಾಫ್ಟ್‌ವೇರ್), ಡವ್‌ಕಾಟ್ (ಬಂದ ಮೇಲನ್ನು ಓದಲು ಕೊಡುವ ಸಾಫ್ಟ್‌ವೇರ್) ಮೇಲೆ ಓಡುತ್ತಿವೆ. ಜಿಮೇಲ್‌ಗೆ ಕಳಿಸಿದ ಬಿಲ್ಲು ಇನ್‌ಬಾಕ್ಸ್‌ಗೇ ಬೀಳುತ್ತದೆ. ‘ಈ ಕಾಲದಲ್ಲಿ ಸ್ವಂತ ಮೇಲ್ ಸರ್ವರಾ? ಸುಮ್ನೆ ತಲೆನೋವು ತಗೋಬೇಡಿ ಸರ್’ ಎಂದಿದ್ದ ಬೆಂಗಳೂರಿನ ಗೆಳೆಯರೇ ಈಗ ನನ್ನ ಮೇನ್.ಸಿಎಫ್ (ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್ ಫೈಲ್) ಕೇಳುತ್ತಿದ್ದಾರೆ.

ಮೊದಲು ದುಡ್ಡು. ಬಾಡಿಗೆ ಮೇಲ್ ತಗೊಂಡರೆ ತಲೆಗೆ ತಿಂಗಳಿಗೆ ನೂರೈವತ್ತು ರೂಪಾಯಿ ಅಂದುಕೊಂಡರೂ ಒಂಬತ್ತು ಸಾವಿರ. ನನಗೆ ವಿಪಿಎಸ್ (ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್), ಬ್ಯಾಕಪ್ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯುತ್ತದೆ.

ಆದರೆ ಅದಕ್ಕೂ ಮುಂಚೆ ಕಳಕೊಂಡದ್ದು ಕಡಿಮೆ ಏನಲ್ಲ. ಕಚೇರಿಯ ಬ್ರಾಡ್‌ಬ್ಯಾಂಡ್‌ಗೆ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಅಂತ ವರ್ಷದ ದುಡ್ಡು ಕಟ್ಟಿದೆ. ಆ ಐಪಿ ಯಾವ ಹೆಸರಿನದು ಎಂದು ಹೇಳುವ ಪಿಟಿಆರ್ ದಾಖಲೆ ಹಾಕಿಕೊಡಲು ಬ್ರಾಡ್‌ಬ್ಯಾಂಡ್‌ನವರು ಒಪ್ಪಲಿಲ್ಲ. ಆ ಐಪಿ ಸ್ಪ್ಯಾಮ್‌ಹೌಸ್‌ನ ಪಿಬಿಎಲ್‌ನಲ್ಲಿತ್ತು, ಅಂದರೆ ನೇರವಾಗಿ ಮೇಲ್ ಕಳಿಸಬಾರದ ಐಪಿಗಳ ಪಟ್ಟಿಯಲ್ಲಿ. ಮೇಲ್ ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸುವ ಬಾಗಿಲಾದ 25ನೇ ಪೋರ್ಟ್ ಹೊರಗೆ ಹೋಗಲು ಮುಚ್ಚಿತ್ತು. ಆಮೇಲೆ ಅಗ್ಗದ ವಿಪಿಎಸ್ ಹಿಡಿದೆ. ನನ್ನ ಐಪಿ ಚೊಕ್ಕ ಇತ್ತು, ಅಕ್ಕಪಕ್ಕದವು ಸ್ಪ್ಯಾಮ್ ಕಕ್ಕುತ್ತಿದ್ದವು. ಇಡೀ ಸಾಲಿಗೇ ಕೆಟ್ಟ ಹೆಸರು. ಗಿರಣಿಯ ಸಾಹುಕಾರರು ಫೋನ್ ಮಾಡಿ, ‘ಏನಪ್ಪಾ, ಬಿಲ್ ಕಳಿಸಿ ಎರಡು ದಿನ ಆಯ್ತು, ಬಂದೇ ಇಲ್ಲ ಅಂತಾರೆ’ ಅನ್ನೋರು. ಹಾಗಾಗಿ ಈಗ ಯಾರೇ ಕೇಳಲಿ, ಒಂದು ತಿಂಗಳಿಗೆ ಮಾತ್ರ ದುಡ್ಡು ಕಟ್ಟಿ ಅನ್ನುತ್ತೇನೆ. ಪಿಟಿಆರ್ ನಿಮ್ಮ ಕೈಯಲ್ಲಿದೆಯಾ, 25 ತೆರೆದಿದೆಯಾ, ಆಚೀಚೆ ಐಪಿಗಳು ಎಂಥವು ಅಂತ ನೋಡಿ, ಆಮೇಲೆ ವರ್ಷದ್ದು ಕಟ್ಟಿ.

ಮೇಲ್ ನಮ್ಮದೇ ಎಂದು ತೋರಿಸುವ ಡಿಜಿಟಲ್ ಸಹಿ ಡಿಕಿಮ್‌ನಲ್ಲೂ ಒಂದು ಕಾಟ. 2048 ಬಿಟ್ ಕೀ ಸುಮಾರು 400 ಅಕ್ಷರ ಆಗುತ್ತದೆ. ಆ ಕೀ ಬರೆದಿಡುವ ಡೊಮೇನ್‌ನ ಟಿಎಕ್ಸ್‌ಟಿ ದಾಖಲೆಯಲ್ಲಿ ಒಂದು ತುಂಡಿಗೆ 255 ಅಕ್ಷರದ ಮಿತಿ. ಡೊಮೇನ್ ಮಾರಿದವರ ಪ್ಯಾನೆಲ್ ಏನೂ ಹೇಳದೆ ಬಾಲ ಕತ್ತರಿಸಿಬಿಟ್ಟಿತ್ತು. ಎರಡು ತುಂಡು ಮಾಡಿ, ಎರಡಕ್ಕೂ ಬೇರೆ ಬೇರೆ ಕೋಟ್ ಚಿಹ್ನೆ ಹಾಕಿದ ಮೇಲೆ ಪಾಸ್ ಆಯಿತು. ದಿನಕ್ಕೆ 5000 ಮೇಲ್ ಕಳಿಸುವವರಿಗೆ ಎಸ್‌ಪಿಎಫ್ (ನಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಕಳಿಸಬಹುದು ಎಂಬ ಪಟ್ಟಿ), ಡಿಕಿಮ್, ಡಿಮಾರ್ಕ್ (ಆ ಎರಡರಲ್ಲೂ ಪಾಸಾಗದ ಮೇಲನ್ನು ಏನು ಮಾಡಬೇಕು ಎಂಬ ಸೂಚನೆ) ಮೂರೂ ಬೇಕೇ ಬೇಕು ಎಂದು ಜಿಮೇಲ್ 2024ರ ಫೆಬ್ರವರಿಯಿಂದ ಹೇಳುತ್ತಿದೆ. ನಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಮೂರನ್ನೂ ಹಾಕಿ. ಡಿಮಾರ್ಕ್ ಅನ್ನು ‘ನನ್’ (none: ಏನೂ ತಡೆಯಬೇಡ, ವರದಿ ಮಾತ್ರ ಕಳಿಸು) ಎಂದಿಟ್ಟು ವರದಿ ಓದಿದಾಗಲೇ ಆಡಿಟರ್ ಕಚೇರಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ ಕಡೆಯಿಂದ ಅವರ ಹೆಸರಲ್ಲಿ ಮೇಲ್ ಕಳಿಸುತ್ತಿದ್ದದ್ದು ಗೊತ್ತಾಗಿದ್ದು.

ಹೊಸ ಐಪಿಗೆ ಹೆಸರು ತಂದುಕೊಟ್ಟದ್ದು ಮಾತ್ರ ತಾಳ್ಮೆ. ಉತ್ತರ ಬಂದರೆ ಅದು ಬೇಕಾದ ಮೇಲೇ ಅಂತ ಗೊತ್ತಾಗುತ್ತದೆ, ಹಾಗಾಗಿ ಮೊದಮೊದಲು ಉತ್ತರ ಬರೆಯುವಂಥವರಿಗಷ್ಟೇ ಕಳಿಸಿದೆ. ಆಡಿಟರ್ ಕಚೇರಿಯನ್ನು ಮೊದಲು ಸೇರಿಸಿದ್ದು ಅದಕ್ಕೇ, ಅವರ ಗಿರಾಕಿಗಳು ತಪ್ಪದೆ ಉತ್ತರ ಕೊಡುತ್ತಾರೆ. ಆಮೇಲೆ ಮಂಡಿಗಳು. ದಿನಕ್ಕೆ ಎಷ್ಟು ಏರಿಸಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿಯಲ್ಲಿ ನಾನಿಟ್ಟಿರುವ ಅಂಕಗಳೂ ಅಷ್ಟೇ.

ಕಲಿಯುವುದು ಎಲ್ಲಿ ಅಂತ ಹುಡುಗರು ಕೇಳುತ್ತಾರೆ. ಒಂದೇ ಸ್ಕ್ರಿಪ್ಟ್‌ನಲ್ಲಿ ಎಲ್ಲ ಹಾಕಿಕೊಡುವ ವಿಡಿಯೊ ಬೇಡ. ಪೋಸ್ಟ್‌ಫಿಕ್ಸ್ ಜೊತೆಗೇ ಬರುವ ರೀಡ್‌ಮೀಗಳನ್ನು (ವಿವರಣೆಯ ಫೈಲ್‌ಗಳನ್ನು) ಓದಿ, ಅದರಲ್ಲೂ ಎಸ್‌ಎಂಟಿಪಿಡಿ ಆಕ್ಸೆಸ್, ಅಂದರೆ ಯಾವ ಮೇಲ್ ಒಳಗೆ ಬಿಡಬೇಕು ಎಂಬುದರ ಬಗೆಗಿನದ್ದು. ಆಮೇಲೆ ಮೇಲ್ ಸರ್ವರ್‌ಗಳು ಮಾತಾಡುವ ನಿಯಮಗಳ ದಾಖಲೆ ಆರ್‌ಎಫ್‌ಸಿ 5321. ಓದಿದ್ದನ್ನು ಟೆಲ್ನೆಟ್‌ನಲ್ಲಿ (ಸರ್ವರ್ ಜೊತೆ ನೇರ ಮಾತಾಡುವ ಪ್ರೋಗ್ರಾಂ) ಕೈಯಿಂದಲೇ ಟೈಪ್ ಮಾಡಿ. ‘ಇಎಚ್‌ಎಲ್‌ಓ’ (ನಮಸ್ಕಾರ) ಅಂದರೆ 250 (ಸರಿ), ‘ಮೇಲ್ ಫ್ರಮ್’ (ಕಳಿಸುವವರು) ಅಂದರೆ 250, ‘ಆರ್‌ಸಿಪಿಟಿ ಟು’ (ಯಾರಿಗೆ) ಅಂದ ಕೂಡಲೇ 550 (ಆಗಲ್ಲ). ಯಾವ ಮಾತಿಗೆ ಬಾಗಿಲು ಹಾಕಿದರು ಅನ್ನೋದು ಕಣ್ಣೆದುರೇ ಕಾಣುತ್ತದೆ. 4ರಿಂದ ಶುರುವಾದರೆ ಆಮೇಲೆ ಬಾ ಅಂತ, 5 ಅಂದರೆ ಬರಲೇಬೇಡ ಅಂತ.

ಮಧ್ಯೆ ಕನ್ನಡ ಅಕ್ಷರದ ವಿಳಾಸವನ್ನೂ ಪ್ರಯತ್ನಿಸಿದೆ. ಪೋಸ್ಟ್‌ಫಿಕ್ಸ್ 3.0ರಿಂದ ಆಗುತ್ತದೆ. ಜಿಮೇಲ್‌ಗೆ ಹೋಯಿತು, ಖುಷಿಯಾಯಿತು. ಆದರೆ ಎದುರಿನ ಸರ್ವರ್ ಎಸ್‌ಎಂಟಿಪಿಯುಟಿಎಫ್8 (ಇಂಗ್ಲಿಷ್ ಅಲ್ಲದ ಅಕ್ಷರದ ವಿಳಾಸಗಳಿಗೆ ಬೇಕಾದ ಸೌಲಭ್ಯ) ಒಪ್ಪದಿದ್ದರೆ ಮೇಲ್ ವಾಪಸ್. ವ್ಯಾಪಾರಿಗಳಿಗೆ ಸದ್ಯಕ್ಕೆ ಕೊಡುವಂತಿಲ್ಲ. ಗೊತ್ತಿಲ್ಲದ ಸರ್ವರ್‌ಗೆ ಮೊದಲ ಸಲ ‘ಆಮೇಲೆ ಬಾ’ ಅನ್ನುವ ಗ್ರೇಲಿಸ್ಟಿಂಗ್ ಕೂಡ ಹಾಕಿ ತೆಗೆದೆ. ಸ್ಪ್ಯಾಮ್ ಇಳಿಯಿತು, ಆದರೆ ಒಟಿಪಿ ಬರುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತಿತ್ತು.

ಇನ್ನೊಂದು. ಯಾರಿಗೂ ಜಿಮೇಲ್‌ಗೆ ಆಟೋ ಫಾರ್ವರ್ಡ್ ಹಾಕಿಕೊಡಬೇಡಿ. ಅವರಿಗೆ ಬಂದ ಕಸವೆಲ್ಲ ನಿಮ್ಮ ಐಪಿಯಿಂದ ಹೋದ ಹಾಗಾಗುತ್ತದೆ, ಎಸ್‌ಪಿಎಫ್ ಕೂಡ ಮುರಿಯುತ್ತದೆ. ಅವರ ಫೋನಿನಲ್ಲೇ ಐಮ್ಯಾಪ್ (ನಿಮ್ಮ ಸರ್ವರ್‌ನ ಮೇಲನ್ನು ನೇರವಾಗಿ ಓದುವ ವ್ಯವಸ್ಥೆ) ಹಾಕಿಕೊಡಿ. ಹತ್ತು ನಿಮಿಷದ ಕೆಲಸ, ನಾನು ಮಂಡಿಗೇ ಹೋಗಿ ಮಾಡಿಕೊಟ್ಟು ಬರುತ್ತೇನೆ.