ತೋಟದ ಮನೆಯಲ್ಲಿ ವೋಲ್ಟೇಜ್ ಇಳಿದಾಗ ದೋಷ ಎಲ್ಲಿದೆಯೆಂದು ಪತ್ತೆಹಚ್ಚುವ ಬಗೆ

ಕೊಡಗಿನಲ್ಲಿ ಮಳೆಗಾಲದ ಗಾಳಿಗೆ ಸಿಲ್ವರ್ ಓಕ್ ಮರದ ಕೊಂಬೆ 11 ಕೆ.ವಿ. ತಂತಿಯ ಮೇಲೆ ಬಿದ್ದು ಕರೆಂಟ್ ಹೋದರೆ ಅದರಲ್ಲಿ ಹುಡುಕುವಂಥದ್ದು ಹೆಚ್ಚೇನಿಲ್ಲ. ಆದರೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಮೋಟಾರುಗಳು ಸುತ್ತಮುತ್ತ ಓಡತೊಡಗಿದಾಗ, ಕರೆಂಟ್ ಇದ್ದೂ ಮಿಕ್ಸಿ ತಿರುಗದಿದ್ದರೆ ದೋಷ ಲೈನಿನದೋ ಮನೆಯ ವೈರಿಂಗಿನದೋ ಎಂದು ಅಳೆದೇ ತಿಳಿಯಬೇಕು.

ಸಿಂಗಲ್ ಫೇಸ್ ಮನೆಗೆ ಬರಬೇಕಾದದ್ದು 230 ವೋಲ್ಟ್, ಶೇ. 6ರಷ್ಟು ಏರಿಳಿತ, ಅಂದರೆ ಸುಮಾರು 216ರಿಂದ 244ರವರೆಗೆ, ಸಹಜ. ಮೀಟರ್ ಬೋರ್ಡಿಗೆ ಹತ್ತಿರದ ಸಾಕೆಟ್ಟಿನಲ್ಲಿ ಮಲ್ಟಿಮೀಟರಿನಿಂದ ಒಮ್ಮೆ ಎಲ್ಲವನ್ನೂ ಆರಿಸಿ, ಇನ್ನೊಮ್ಮೆ ಗೀಸರ್ ಹಾಕಿ ಅಳೆಯಿರಿ. ಎಲ್ಲವನ್ನೂ ಆರಿಸಿದಾಗಲೂ 190ರ ಆಸುಪಾಸಿನಲ್ಲಿದ್ದರೆ ತೊಂದರೆ ಹೊರಗಿನದು. ಬೋರ್ಡಿನ ಬಳಿ ಸರಿಯಿದ್ದು, ಉಪಕರಣ ಓಡುವ ಜಾಗದಲ್ಲಿ ಮಾತ್ರ ಇಳಿದರೆ ಅದು ಮನೆಯ ವೈರಿಂಗಿನದು. ನಮ್ಮ ಮನೆಯಲ್ಲಿ ಬೋರ್ಡಿನ ಬಳಿ 224 ತೋರಿಸಿದ ಮೀಟರ್, ಗೀಸರ್ ಉರಿಯುತ್ತಿರುವಾಗ ಬಚ್ಚಲಿನಲ್ಲಿ 203 ತೋರಿಸಿತು. ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬಿಚ್ಚಿದಾಗ ಸ್ಕ್ರೂ ಸಡಿಲಾಗಿ, ವೈರಿನ ಕೆಂಪು ಹೊದಿಕೆ ಸುಟ್ಟು ಕಂದಾಗಿತ್ತು. ಅದುವರೆಗೆ ನಾವು ಬೈಯುತ್ತಿದ್ದದ್ದು ಟ್ರಾನ್ಸ್‌ಫಾರ್ಮರನ್ನು!

ತೋಟದಲ್ಲಿ ದೂರವೂ ಒಂದು ಕಾರಣ. 100 ಮೀಟರ್ ಆಚೆಯ ಪಂಪ್ ಶೆಡ್ಡಿಗೆ 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆದು 10 ಆಂಪಿಯರ್ ಹರಿಸಿದರೆ, ಹೋಗಿ ಬರುವ ದಾರಿಯಲ್ಲೇ ಸುಮಾರು 15 ವೋಲ್ಟ್ ಕಳೆದುಹೋಗುತ್ತದೆ. 6 ಚದರ ಮಿ.ಮೀ. ವೈರಾದರೆ 6 ವೋಲ್ಟ್ ಮಾತ್ರ. ಮೋಟಾರಿನ ಎಳೆತದ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 180 ವೋಲ್ಟಿನಲ್ಲಿ ಅದು ಶೇ. 61ಕ್ಕೆ ಇಳಿಯುತ್ತದೆ. ಗುಂಯ್ ಎಂದು ನಿಂತ ಮೋಟಾರನ್ನು ಮತ್ತೆ ಮತ್ತೆ ಒತ್ತುವುದು ವೈಂಡಿಂಗನ್ನು ಸುಟ್ಟಂತೆಯೇ.

ಮೂರು ಫೇಸಿನ ಮನೆಯಲ್ಲಿ ಒಂದು ದೀಪ ಮಂಕಾಗಿ ಇನ್ನೊಂದು ಅತಿಯಾಗಿ ಉರಿದರೆ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಕಡಿದಿರುವ ಸಾಧ್ಯತೆ ಹೆಚ್ಚು. ಅಳೆಯುತ್ತ ನಿಲ್ಲಬೇಡಿ, ತಕ್ಷಣ ಮೇನ್ ಆರಿಸಿ.

ಕರೆಂಟ್ ಪೂರ್ತಿ ಹೋದಾಗ ಮೊದಲು ನೆರೆಮನೆಯ ದೀಪ ನೋಡಿ. ಅಲ್ಲಿ ಇದ್ದು ನಿಮ್ಮ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಬಿದ್ದಿದ್ದರೆ ಎಲ್ಲ ಎಂಸಿಬಿಗಳನ್ನು (ಒಂದೊಂದು ಸಾಲಿನ ಸ್ವಿಚ್‌ಗಳನ್ನು) ಇಳಿಸಿ, ಆರ್‌ಸಿಸಿಬಿ ಏರಿಸಿ, ಆಮೇಲೆ ಅವನ್ನು ಒಂದೊಂದಾಗಿ ಏರಿಸಿ; ಯಾವುದನ್ನು ಏರಿಸಿದಾಗ ಮತ್ತೆ ಬೀಳುತ್ತದೋ ದೋಷ ಆ ಸಾಲಿನಲ್ಲಿದೆ. ಮಳೆಗಾಲದಲ್ಲಿ ಬಹುಪಾಲು ಸಿಕ್ಕಿಬೀಳುವುದು ನೀರು ಸೇರಿದ ಹೊರಗಿನ ದೀಪವೇ. ನೆರೆಮನೆಯಲ್ಲೂ ಕರೆಂಟ್ ಇಲ್ಲದಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯೊಡನೆ ತಿಳಿಸಿ. ಕಡಿದು ಬಿದ್ದ ತಂತಿಯನ್ನು ಕರೆಂಟ್ ಇಲ್ಲವೆಂದು ನಂಬಿ ಸರಿಸಲು ಹೋಗಬಾರದು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನಂತೂ ಅದರ ಹತ್ತಿರಕ್ಕೂ ಒಯ್ಯಬಾರದು. ಕರೆಂಟ್ ಮರಳಿದ ಮೇಲೆ ಫ್ರಿಜ್ ಹಾಕುವ ಮೊದಲು ಐದು ನಿಮಿಷ ಕಾದು, ವೋಲ್ಟೇಜನ್ನು ಇನ್ನೊಮ್ಮೆ ಅಳೆಯಿರಿ.