ಹಳೆಯ ರಿಯೋಹಾ ವೈನ್: ನಮ್ಮೂರ ಬಿಸಿಲಿನಲ್ಲಿ ಸವಿಯುವ ಕ್ರಮ

ಸ್ಪೇನಿನ ರಿಯೋಹಾದಲ್ಲಿ ‘ಗ್ರಾನ್ ರೆಸೆರ್ವಾ’ ಎಂಬ ಹೆಸರು ಸುಮ್ಮನೆ ಸಿಗುವುದಿಲ್ಲ. ಕೆಂಪು ವೈನ್ ಕನಿಷ್ಠ 5 ವರ್ಷ ಮಾಗಬೇಕು, ಅದರಲ್ಲಿ 2 ವರ್ಷವಾದರೂ ಓಕ್ ಪೀಪಾಯಿಯಲ್ಲಿ. ಅಲ್ಲಿನ ‘ಆರೋ’ (Haro) ಎಂಬ ಊರಿನಲ್ಲಿ 1877ರಿಂದ ಇರುವ ಲೋಪೆಸ್ ದೆ ಎರೆದಿಯಾ ಎಂಬ ವೈನ್ ತಯಾರಿಕೆಯ ಮನೆತನ ತನ್ನ ವಿನ್ಯಾ ತೊಂದೋನಿಯಾ ಗ್ರಾನ್ ರೆಸೆರ್ವಾವನ್ನು ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಮಾಗಿಸುತ್ತದೆ. ಪೀಪಾಯಿಗಳನ್ನೂ ಅಲ್ಲೇ ಕಟ್ಟುತ್ತಾರೆ. ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸುತ್ತಾರೆ, ಫಿಲ್ಟರ್ ಮಾಡುವುದಿಲ್ಲ. ಹಾಗಾಗಿ ಹಳೆಯ ಬಾಟಲಿಯ ತಳದಲ್ಲಿ ಗಸಿ ಇದ್ದೇ ಇರುತ್ತದೆ. ಅದು ದೋಷವಲ್ಲ.

ಬಾಟಲಿ ಹುಬ್ಬಳ್ಳಿಗೆ ಬಂದ ದಿನವೇ ತೆರೆಯಬೇಡಿ. ಪ್ರಯಾಣದಲ್ಲಿ ಕದಡಿದ ಗಸಿ ಕೂರಲು ಎರಡು ವಾರ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಬಿಟ್ಟರೆ ಇಪ್ಪತ್ತು ವರ್ಷದ ಮಾಗುವಿಕೆ ವ್ಯರ್ಥ: ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ರುಚಿ ಬೇಯಿಸಿದ ಹಣ್ಣಿನಂತಾಗುತ್ತದೆ. ತೆರೆಯುವ ಎರಡು ದಿನ ಮೊದಲು ಫ್ರಿಜ್ಜಿನೊಳಗೆ ನೆಟ್ಟಗೆ ನಿಲ್ಲಿಸಿ. ಬಾಗಿಲಿನ ಅರೆಯಲ್ಲಿ ಬೇಡ, ತೆರೆದು ಮುಚ್ಚುವಾಗಲೆಲ್ಲ ಅಲುಗುತ್ತದೆ. ಬಡಿಸುವ ಒಂದು ತಾಸು ಮೊದಲು ಹೊರಗಿಡಿ. 16ರಿಂದ 18 ಡಿಗ್ರಿ ಸರಿಯಾದ ಹದ. ‘ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿ’ ಎಂಬ ಮಾತು ತಣ್ಣನೆಯ ದೇಶದ ಕೋಣೆಗೆ ಸರಿ, ನಮ್ಮ ಬೇಸಿಗೆಗಲ್ಲ.

ಹಳೆಯ ಬಿರಡೆ ಪುಡಿಪುಡಿಯಾಗುತ್ತದೆ. ತಿರುಪಿನ ಓಪನರ್ ನಡುವನ್ನು ಕೊರೆದು ಸೀಳಿಬಿಡಬಹುದು. ಎರಡು ತೆಳು ಅಲಗಿನ ಓಪನರ್ ಇದ್ದರೆ ಒಳ್ಳೆಯದು: ಅಲಗುಗಳನ್ನು ಬಿರಡೆಯ ಎರಡೂ ಬದಿಗೆ ಅಲುಗಿಸುತ್ತ ಇಳಿಸಿ, ತಿರುಗಿಸುತ್ತ ಮೇಲೆತ್ತಿ. ಬಿರಡೆ ಮುರಿದು ಒಳಗೆ ಬಿದ್ದರೆ ಸೋಪಿನ ವಾಸನೆಯಿಲ್ಲದ ತೆಳು ಅರಿವೆಯಲ್ಲಿ ಸೋಸಿ.

ಗಸಿ ಬಿಟ್ಟು ತಿಳಿ ವೈನನ್ನು ಗಾಜಿನ ಹೂಜಿಗೆ ಬಗ್ಗಿಸುವಾಗ ಬಾಟಲಿಯ ಕುತ್ತಿಗೆಯ ಹಿಂದೆ ಮೊಬೈಲ್ ಟಾರ್ಚ್ ಇಡಿ. ಒಂದೇ ಧಾರೆ, ನಡುವೆ ನಿಲ್ಲಿಸಿ ಬಾಟಲಿಯನ್ನು ನೆಟ್ಟಗೆ ಮಾಡಬೇಡಿ. ಮೊದಲು ಬೆಳಕು ತಿಳಿಯಾಗಿ ಹಾಯುತ್ತದೆ. ಆಮೇಲೆ ಭುಜದ ಹತ್ತಿರ ಹೊಗೆಯಂಥ ಎಳೆಯೊಂದು ಕುತ್ತಿಗೆಯತ್ತ ಹರಿದು ಬರುತ್ತದೆ. ಅಲ್ಲಿಗೆ ನಿಲ್ಲಿಸಿ. 750 ಮಿಲಿಯಲ್ಲಿ 50-60 ಮಿಲಿ ಹೋದರೆ ಹೋಗಲಿ. ಎಳೆಯ ವೈನಿನ ಹಾಗೆ ಮೂರ್ನಾಲ್ಕು ತಾಸು ಗಾಳಿಗೆ ಬಿಡಬೇಡಿ, ಹಳೆಯದರ ಪರಿಮಳ ಅಷ್ಟರಲ್ಲಿ ಹಾರಿಹೋಗಬಹುದು. ಅದು ಲೋಟದಲ್ಲೇ ಅರಳಲಿ.

ಊದುಬತ್ತಿ ಆರಿಸಿ, ಮಲ್ಲಿಗೆ ದಂಡೆ ಬೇರೆ ಕೋಣೆಯಲ್ಲಿರಲಿ. ಅಗಲ ಹೊಟ್ಟೆಯ ಲೋಟಕ್ಕೆ 60 ಮಿಲಿ ಹಾಕಿ, ಬಿಳಿ ಹಾಳೆಯ ಮೇಲೆ ಓರೆ ಹಿಡಿಯಿರಿ: ನಡುವೆ ಮಾಸಿದ ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೊದಲು ಅಲುಗಿಸದೆ ಮೂಸಿ, ಆಮೇಲೆ ಮೆಲ್ಲಗೆ ತಿರುಗಿಸಿ. ಅಮೆರಿಕನ್ ಓಕ್ ಕೊಟ್ಟ ಒಣಕೊಬ್ಬರಿ ಮತ್ತು ವೆನಿಲಾ, ಒಣ ಅಂಜೂರ, ಉತ್ತತ್ತಿ, ತಂಬಾಕು, ತೊಗಲು ಒಂದೊಂದಾಗಿ ಬರುತ್ತವೆ. ಹತ್ತು ನಿಮಿಷಕ್ಕೊಮ್ಮೆ ಮತ್ತೆ ಮೂಸಿದರೆ ಬೇರೆಯದೇ ಸಿಗುತ್ತದೆ.

ಗುಟುಕನ್ನು ಬಾಯಿತುಂಬ ಆಡಿಸಿ. ಇಲ್ಲಿ ಗಮನಿಸಬೇಕಾದ್ದು ಒಗರು. ನವಲೂರಿನ ಕಾಯಿ ಪೇರಲಕ್ಕೂ ಹಣ್ಣಾದ ಪೇರಲಕ್ಕೂ ಇರುವ ವ್ಯತ್ಯಾಸ ನೆನೆಯಿರಿ. ಎಳೆಯ ವೈನಿನಲ್ಲಿ ಒಗರು ಒಸಡನ್ನು ಹಿಡಿದೆಳೆಯುತ್ತದೆ, ಮಾಗಿದ್ದರಲ್ಲಿ ನುಣ್ಣಗಾಗಿರುತ್ತದೆ. ಹುಳಿ ಮಾತ್ರ ಇನ್ನೂ ಚುರುಕಾಗಿರಬೇಕು, ಹಳೆಯ ವೈನಿನ ಜೀವ ಅದರಲ್ಲೇ ಇದೆ. ನುಂಗಿದ ಮೇಲೂ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ಎಣಿಸಿ ನೋಡಿ.

ಒದ್ದೆ ಗೋಣಿಚೀಲ ಅಥವಾ ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ, ಎಷ್ಟು ಕಾದರೂ ಹೋಗದು. ಬರೀ ವಿನೆಗರ್ ಮೂಗಿಗೆ ಹೊಡೆದರೆ ಅದೂ ಮುಗಿದಂತೆ. ತೆರೆದ ಕೂಡಲೇ ಬರುವ ಮುಗ್ಗಲು ವಾಸನೆಗೆ ಮಾತ್ರ ಕಾಲು ತಾಸು ಕೊಡಿ, ಅನೇಕ ಸಲ ಅದು ತಾನೇ ಹೋಗುತ್ತದೆ.

ಗಿರಮಿಟ್ಟು-ಮಿರ್ಚಿ ಆ ಸಂಜೆ ಬೇಡವೇ ಬೇಡ. ಖಾರದ ಮೇಲೆ ಮದ್ಯ ಬಿದ್ದರೆ ಉರಿ ಹೆಚ್ಚುತ್ತದೆ, ವೈನಿನ ಸೂಕ್ಷ್ಮ ಅಡಗುತ್ತದೆ. ರಿಯೋಹಾದವರು ದ್ರಾಕ್ಷಿಬಳ್ಳಿಯ ಕಡ್ಡಿಗಳ ಕೆಂಡದ ಮೇಲೆ ಎಳೆ ಕುರಿಮರಿಯ ಚಾಪ್ಸ್ ಸುಡುತ್ತಾರೆ. ಇಲ್ಲಿ ಉಪ್ಪು, ಮೆಣಸು ಹಾಕಿ ಸುಟ್ಟ ಮಟನ್ ಜೊತೆ ಬಿಸಿ ಜೋಳದ ರೊಟ್ಟಿ ಸಾಕು. ಹೂಜಿಯಲ್ಲಿ ಉಳಿದರೆ ಬಾಯಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಿ.